ಗಡ್ಡೆಗೆ ಹಾಕಿದ ಉಪವಾಸ

ಅಲ್ಮಾಟಿ ನಗರದ ಹತ್ತಿರದ ಎಸಿಕ್ ಪಟ್ಟಣದ ಕಾಲುವೆ ಬೀದಿಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯಲು ಕೂತರೆ ಒಂದು ಘಟನೆಯನ್ನು ಬಿಡುವಂತಿಲ್ಲ. ಕಳೆದ ಅಕ್ಟೋಬರಿನ ಒಂದು ಗುರುವಾರ, ಮಧ್ಯಾಹ್ನದ ಚಹಾದ ಹೊತ್ತಿಗೆ, ಒರಾಲ್ಬೆಕ್ ಅವರ ಮನೆಯ ಊಟದ ಹಾಸಿನ ಮೇಲೆ ಸಕ್ಕರೆ ಬಟ್ಟಲು ಇರಲಿಲ್ಲ.

ಇದನ್ನು ಕಣ್ಣಾರೆ ಕಂಡವರು ಪಕ್ಕದ ಮನೆಯಾಕೆ ಕುಲ್ಪಾಶ್. ಅವರು ಕಂಡದ್ದನ್ನು ಸಂಜೆಯೊಳಗೆ ಬೀದಿಯ ಕೊನೆಯ ಮನೆಯವರೂ ಕಂಡಂತಾಗಿತ್ತು.

"ಸಕ್ಕರೆ ಇಲ್ಲ, ಜಾಮ್ ಇಲ್ಲ. ಹೋಗ್ಲಿ ಅಂದ್ರೆ ರೊಟ್ಟೀನೂ ಇಲ್ಲ ಕಣ್ರೀ! ಬರೀ ಚಹಾ, ಅದೂ ಹಾಲಿಲ್ಲದ್ದು. ನಾನು ಸತ್ತು ಅವರ ಮನೆ ಮುಂದೆ ಮಲಗಿದ್ರೂ ಇದಕ್ಕಿಂತ ಚೆನ್ನಾಗಿ ಉಪಚಾರ ಆಗ್ತಿತ್ತು."

ನಮ್ಮಲ್ಲಿ ಬಾಗಿಲವರೆಗೆ ಬಂದವರು ಕೂಡ ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಳ್ಳದೆ ಹಿಂದಿರುಗುವಂತಿಲ್ಲ. ಜಗಳವಾಡಲು ಬಂದವರೂ ಮೊದಲು ರೊಟ್ಟಿ ಮುರಿದು ಆಮೇಲೆ ಜಗಳ ಶುರು ಮಾಡುತ್ತಾರೆ. ಅಂಥದ್ದರಲ್ಲಿ ಇದು ಬಿಬಿಷ್ ಅಪಾ ಅವರ ಮನೆ. ಒರಾಲ್ಬೆಕ್ ಅವರ ಹೆಂಡತಿ, ಬೀದಿಗೆಲ್ಲ ಅಪಾ ಅಂದರೆ ದೊಡ್ಡಕ್ಕ ಆದ ಬಿಬಿಷ್, ಬೀದಿಯ ಮದುವೆ, ತೊಟ್ಟಿಲು, ಸಾವು ಎಲ್ಲದಕ್ಕೂ ದೊಡ್ಡ ಕಡಾಯಿ ಇಟ್ಟು, ಉಬ್ಬಿದ ಹಿಟ್ಟಿನ ಬೌರ್ಸಾಕ್ ಕರಿದು ರಾಶಿ ಹಾಕುವ ಅಡುಗೆಯವರು. ಅವರ ಮನೆಯಲ್ಲಿ ರೊಟ್ಟಿ ಇಲ್ಲ ಅನ್ನುವುದು ಕಾಲುವೆಯಲ್ಲಿ ನೀರಿಲ್ಲ ಅಂದ ಹಾಗೆ. ಗಂಡ ಹೆಂಡತಿಗೆ ಜಗಳವಿರಬೇಕು ಎಂದರು ಕೆಲವರು. ಮುಪ್ಪಿನಲ್ಲಿ ಜಿಪುಣತನ ಅಂಟಿಕೊಂಡಿದೆ ಎಂದರು ಕೆಲವರು. ನಿಜ ಏನೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಹೇಳಬಾರದಾಗಿದ್ದರಿಂದ ಇದನ್ನೆಲ್ಲ ಹೇಳುತ್ತಿದ್ದರು.

ಬಿಬಿಷ್ ಅಪಾ ಅವರಿಗೆ ಕೆಟ್ಟ ಕಾಯಿಲೆ ಬಂದಿತ್ತು.

ನಮ್ಮ ಕಡೆ ಆ ಕಾಯಿಲೆಯ ಹೆಸರು ಹೇಳುವುದಿಲ್ಲ. 'ಕೆಟ್ಟ ಕಾಯಿಲೆ' ಎನ್ನುತ್ತೇವೆ, ಅದೂ ದನಿ ತಗ್ಗಿಸಿ, ಜೋರಾಗಿ ಹೇಳಿದರೆ ಅದು ಕೇಳಿಸಿಕೊಂಡು ನಮ್ಮ ಮನೆಗೂ ಬಂದೀತು ಎಂಬಂತೆ. ರೋಗಿಗಂತೂ ಹೇಳುವುದೇ ಇಲ್ಲ. ಬಿಬಿಷ್ ಅಪಾ ಚಳಿಗಾಲವಿಡೀ ಕೆಮ್ಮಿದ್ದರು. ಕಡಾಯಿಯ ಹೊಗೆ ಎಂದುಕೊಂಡೆವು. ವಸಂತದಲ್ಲೂ ಕೆಮ್ಮಿದರು, ಹೂವಿನ ಧೂಳು ಎಂದುಕೊಂಡೆವು. ಬೇಸಿಗೆಯಲ್ಲಿ ಅಲ್ಮಾಟಿಯ ದೊಡ್ಡ ಆಸ್ಪತ್ರೆಯವರು ಶ್ವಾಸಕೋಶದಲ್ಲಿ ಗಡ್ಡೆ ಇದೆ ಎಂದರು. ಆ ಮಾತನ್ನು ಗಂಡನಿಗೆ ಹೇಳಿದರು. ಗಂಡ ಹೆಂಡತಿಗೆ, "ಹಳೇ ನ್ಯುಮೋನಿಯಾದ ಕಲೆಯಂತೆ" ಎಂದು ಹೇಳಿದರು. ಮೂರು ವಾರಕ್ಕೊಮ್ಮೆ ಅಲ್ಮಾಟಿಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುವುದು ಶುರುವಾಯಿತು. ಕಲೆಗೆ ಇಷ್ಟೆಲ್ಲ ಯಾಕೆ ಎಂದು ಬಿಬಿಷ್ ಅಪಾ ಕೇಳಲಿಲ್ಲ.

ಸಕ್ಕರೆ ಬಟ್ಟಲು ಕಾಣೆಯಾಗಲು ಕಾರಣವಾದದ್ದು ಒಂದು ಕುರಿಯ ತಲೆ.

ಆಗಸ್ಟ್ ಕೊನೆಯಲ್ಲಿ ಒರಾಲ್ಬೆಕ್ ಅವರ ತಮ್ಮನ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲ ಔತಣವಿತ್ತು. ತಮ್ಮನ ಮಗಳು ಜಾನೆರ್ಕೆ ಅಲ್ಮಾಟಿಯಿಂದ ಬಂದಿದ್ದಳು. ಅವಳು ಅಲ್ಲಿನ ಒಂದು ಸಂಶೋಧನಾಲಯದಲ್ಲಿ, ಗಡ್ಡೆ ಏನು ತಿನ್ನುತ್ತದೆ, ಅದು ತಿನ್ನುವಾಗ ಪಕ್ಕದಲ್ಲಿರುವ ಜೀವಕಣಗಳ ಗತಿ ಏನಾಗುತ್ತದೆ ಎಂದು ನೋಡುವ ಕೆಲಸದಲ್ಲಿದ್ದಾಳೆ. ಬಿಬಿಷ್ ಅಪಾ ಒಳಗೆ ಕಡಾಯಿಯ ಮುಂದಿದ್ದರು. ಒರಾಲ್ಬೆಕ್ ದಿಂಬಿಗೆ ಒರಗಿಕೊಂಡು ತಮ್ಮನ ಮಗಳನ್ನು ಮಾತಿಗೆಳೆದರು.

"ಏನಮ್ಮಾ, ಇಷ್ಟು ಓದಿ ಕೊನೆಗೆ ಇಲಿ ಮೇಯಿಸ್ತೀಯಂತೆ? ನಮ್ಮಪ್ಪ ಕುರಿ ಮೇಯಿಸಿದ, ನಾನು ಬಸ್ಸು ಓಡಿಸ್ದೆ. ನಮ್ಮ ವಂಶ ಎಷ್ಟು ಮುಂದುವರೀತು ನೋಡು."

"ಮೇಯಿಸ್ತೀನಿ ದೊಡ್ಡಪ್ಪ. ಕುರಿಗಿಂತ ಮಾತು ಕೇಳ್ತವೆ."

"ಹಾಗಾದ್ರೆ ಹೇಳು. ನಿಮ್ಮ ದೊಡ್ಡಮ್ಮಂಗೆ ಹಾಕ್ತಿರೋ ಆ ನೀರು ಏನ್ ಮಾಡುತ್ತೆ? ಡಾಕ್ಟರು ಹೇಳಿದ್ದು ನಂಗೆ ಅರ್ಥ ಆಗ್ಲಿಲ್ಲ. ತಲೆ ಮಾತ್ರ ಆಡಿಸ್ದೆ."

ಜಾನೆರ್ಕೆ ದನಿ ತಗ್ಗಿಸಿದಳು. "ನಮ್ಮ ರಕ್ತದಲ್ಲಿ ಕಾವಲು ಕಣಗಳಿರ್ತವೆ. ಕೆಟ್ಟ ಕಣ ಕಂಡ್ರೆ ಕೊಲ್ಲೋದು ಅವುಗಳ ಕೆಲಸ. ಗಡ್ಡೆ ಏನ್ ಮಾಡುತ್ತೆ ಅಂದ್ರೆ, ಕುದುರೆ ದೂರ ಹೋಗದಿರ್ಲಿ ಅಂತ ನಾವು ಮುಂಗಾಲಿಗೆ ಹಗ್ಗ ಕಟ್ತೀವಲ್ಲ, ಹಾಗೆ ಅವುಗಳ ಕಾಲು ಕಟ್ಟಿಬಿಡುತ್ತೆ. ಈ ಔಷಧಿ ಆ ಹಗ್ಗ ಕತ್ತರಿಸುತ್ತೆ."

"ಕತ್ತರಿಸಿದ್ರೆ ಮುಗೀತಲ್ಲ. ಕುದುರೆ ಓಡುತ್ತೆ."

"ಓಡೋಕೆ ಮೇವು ಬೇಕಲ್ಲ ದೊಡ್ಡಪ್ಪ? ಗಡ್ಡೆ ಶುದ್ಧ ಹೊಟ್ಟೆಬಾಕ. ಸುತ್ತಮುತ್ತ ಇರೋ ಸಕ್ಕರೆನೆಲ್ಲ ತಾನೇ ಕಬಳಿಸುತ್ತೆ. ತಿಂದು ಹುಳಿ ಕಕ್ಕುತ್ತೆ. ಆ ಹುಳಿಯೊಳಗೆ ಕಾವಲು ಕಣಗಳು ಹಸ್ಕೊಂಡು, ಮಂಪರು ಹತ್ತಿ ಬಿದ್ದಿರ್ತವೆ. ಹಗ್ಗ ಕತ್ತರಿಸಿದ್ರೂ ಕೆಲವು ಸಲ ಏಳೋದೇ ಇಲ್ಲ. ಔಷಧಿ ಎಲ್ಲರಿಗೂ ಕೆಲಸ ಮಾಡದೇ ಇರೋಕೆ ಅದೂ ಒಂದು ಕಾರಣ."

"ಅಂದ್ರೆ ಅದು ಸಕ್ಕರೆ ತಿನ್ನುತ್ತೆ."

"ತಿನ್ನುತ್ತೆ. ಆದ್ರೆ ದೊಡ್ಡಪ್ಪ, ಹಾಗಂತ ನಾವು..."

ಅಷ್ಟರಲ್ಲಿ ತಟ್ಟೆಯಲ್ಲಿ ಬೇಯಿಸಿದ ಕುರಿಯ ತಲೆ ಬಂತು. ಕೂತವರಲ್ಲಿ ಹಿರಿಯರಾದ ಒರಾಲ್ಬೆಕ್ ಅವರ ಮುಂದೆ ಅದನ್ನಿಟ್ಟರು. ತಲೆ ಬಂದಾಗ ಎಲ್ಲರೂ ಸುಮ್ಮನಾಗಬೇಕು. ಹಿರಿಯರು ಅಂಗೈ ಒಡ್ಡಿ ಹರಸಿ, ಕತ್ತರಿಸಿ, ಯಾರಿಗೆ ಏನು ಸಲ್ಲಬೇಕೋ ಹಂಚುತ್ತಾರೆ. ಕಿವಿ ಸಲ್ಲುವುದು ಕಿರಿಯರಿಗೆ, ದೊಡ್ಡವರ ಮಾತು ಕೇಳಲಿ ಎಂದು. ಒರಾಲ್ಬೆಕ್ ಒಂದು ಕಿವಿ ಕುಯ್ದು ಜಾನೆರ್ಕೆಯ ಕೈಗಿತ್ತರು. ಅವಳು ಅದನ್ನು ತಿಂದಳು. ಆಮೇಲೆ ಹಾಡು, ಕುಣಿತ, ಕೊನೆಯ ಬಸ್ಸು. ಅವಳ ಮಾತಿನ ಉಳಿದರ್ಧ ಅಲ್ಲೇ ಉಳಿಯಿತು.

ಒರಾಲ್ಬೆಕ್ ಜೀವಮಾನವಿಡೀ ಬಸ್ಸು ಓಡಿಸಿದವರು. ಡೀಸೆಲ್ ನಿಲ್ಲಿಸಿದರೆ ಗಾಡಿ ನಿಲ್ಲುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಉಳಿದದ್ದನ್ನು ಫೋನು ಹೇಳಿಕೊಟ್ಟಿತು. ಅದರಲ್ಲಿ ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ ಬರುತ್ತಿದ್ದ, ಯಾವ ಆಸ್ಪತ್ರೆಯವನೋ ಅವನಿಗೂ ನೆನಪಿದ್ದಂತಿರಲಿಲ್ಲ. ಮೊದಲು ಸಕ್ಕರೆ ಹೋಯಿತು. ಹೊಟ್ಟೆಯಲ್ಲಿ ರೊಟ್ಟಿ ಸಕ್ಕರೆಯಾಗುತ್ತದೆ ಎಂದು ರೊಟ್ಟಿ ಹೋಯಿತು. ಆಮೇಲೆ ಹಾಲು, ಕೆನೆ, ಕೊನೆಗೆ ಮಾಂಸ. ಉಳಿದದ್ದು ಬೇಯಿಸಿದ ಎಲೆಕೋಸು. ಗಡ್ಡೆ ಕಕ್ಕುವ ಹುಳಿಗೆ ಮದ್ದಾಗಿ ಬೆಳಿಗ್ಗೆ ಸಂಜೆ ಒಂದು ಲೋಟ ಅಡುಗೆ ಸೋಡಾದ ನೀರು. ಹೆಂಡತಿಗೆ, "ನಿಂಗೆ ಸಕ್ಕರೆ ಕಾಯಿಲೇನೂ ಶುರುವಾಗಿದೆಯಂತೆ" ಎಂದು ಹೇಳಿದರು. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಬಿಬಿಷ್ ಅಪಾ ಕೊಟ್ಟದ್ದನ್ನು ತಿಂದರು, ಕೊಟ್ಟದ್ದನ್ನು ಕುಡಿದರು. ನವೆಂಬರಿನಲ್ಲಿ ಅವರ ಮೈಮೇಲೆ ಕೋಟು ಗೋಡೆಯ ಮೊಳೆಗೆ ನೇತುಹಾಕಿದ ಹಾಗೆ ನೇತಾಡುತ್ತಿತ್ತು.

ಕುಲ್ಪಾಶ್‌ಗೆ ತಡೆಯಲಾಗಲಿಲ್ಲ. ಒಂದು ದಿನ ಗೇಟಿನ ಹತ್ತಿರವೇ ಒರಾಲ್ಬೆಕ್ ಅವರನ್ನು ಹಿಡಿದು ನಿಲ್ಲಿಸಿದರು.

"ಒರಾಲ್ಬೆಕ್, ಹೆಂಡ್ತೀನ ರೇಸಿಗೆ ಬಿಡೋಕೆ ತಯಾರು ಮಾಡ್ತಿದೀರಾ? ಕುದುರೇನ ಹಿಂಗೆ ಒಣಗಿಸೋದು ನೋಡಿದೀನಿ, ಮನುಷ್ಯರನ್ನ ಇವತ್ತೇ ನೋಡ್ತಿರೋದು."

"ನಿಮ್ಮ ಕೆಲಸ ನೋಡ್ಕೊಳ್ಳಿ ಕುಲ್ಪಾಶ್. ಹಸಿದಿರೋದು ಅವಳಲ್ಲ, ಅದು."

"ಅದಕ್ಕೆ ಬೇರೆ ಬಾಯಿ ಇದೆಯಾ? ತಿನ್ನೋ ಬಾಯಿ ಒಂದೇ ಅಲ್ವಾ?"

ಒರಾಲ್ಬೆಕ್ ಒಳಗೆ ಹೋದರು. ಗೇಟು ಹಾಕಿಕೊಂಡರು.

ಮುಂದಿನ ಡ್ರಿಪ್‌ಗೆ ಹೋದಾಗ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆಯ ಕಾಗದ ನೋಡಿದರು, ಬಿಬಿಷ್ ಅಪಾ ಅವರನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ಇವರಿಗೆ ಏನು ಕುಡಿಸ್ತಿದೀರಿ?"

"ನೀರು," ಎಂದರು ಒರಾಲ್ಬೆಕ್.

"ನೀರಲ್ಲಿ?"

ಒರಾಲ್ಬೆಕ್ ತಮ್ಮ ಟೋಪಿಯನ್ನು ನೋಡುತ್ತ ನಿಂತರು. "ಸೋಡಾ. ಒಂದು ಚಮಚ. ಮಟ್ಟಸವಾದ ಚಮಚ ಏನಲ್ಲ, ಸ್ವಲ್ಪ ತುಂಬಿದ್ದು."

"ರಕ್ತದ ಉಪ್ಪೆಲ್ಲ ಏರುಪೇರಾಗಿದೆ. ಮೈಯಲ್ಲಿ ಕಸುವಿಲ್ಲ. ಈ ಸ್ಥಿತೀಲಿ ಔಷಧಿ ಹಾಕೋಕಾಗಲ್ಲ. ಮೊದಲು ಇವರಿಗೆ ಊಟ ಕೊಡಿ. ಆಮೇಲೆ ಕರ್ಕೊಂಡು ಬನ್ನಿ."

ಮನೆಗೆ ಬಂದ ಒರಾಲ್ಬೆಕ್ ಸಂಜೆ ಮತ್ತೆ ಎಲೆಕೋಸು ಬೇಯಲು ಇಟ್ಟರು. ಡಾಕ್ಟರು ಸರ್ಕಾರದವರು, ಅವರಿಗೇನು ಗೊತ್ತು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರು ಬಿಟ್ಟಿದೆ. ಸರ್ಕಾರವೂ ಅದಕ್ಕೆ ಆಗಾಗ ನೀರು ಹನಿಸುತ್ತದೆ.

ಕುಲ್ಪಾಶ್ ಅವರ ಫೋನು ಹೋದದ್ದು ಜಾನೆರ್ಕೆಗೆ. ಶನಿವಾರ ಅವಳು ಬಂದವಳೇ ನೇರ ಅಡುಗೆಮನೆಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಇದೇನು ದೊಡ್ಡಪ್ಪ?"

"ನೀನು ಹೇಳಿದ್ದೇ. ಅದಕ್ಕೆ ತಿನ್ನೋಕೆ ಕೊಡ್ತಿಲ್ಲ."

"ನಾನು ಹಾಗೆ ಹೇಳ್ಲೇ ಇಲ್ಲ."

"ಸಕ್ಕರೆ ತಿನ್ನುತ್ತೆ ಅಂದೆ."

"ತಿನ್ನುತ್ತೆ, ಆದ್ರೆ, ಅಂದೆ. ಆ 'ಆದ್ರೆ' ಹೇಳೋಕೆ ಬಿಡ್ಲಿಲ್ಲ ನೀವು."

"ನಾನು ಕಿವಿ ಕೊಟ್ಟೇ ಕೇಳ್ತಿದ್ದೆ!"

"ಕುರೀದು ಕೊಟ್ರಿ ದೊಡ್ಡಪ್ಪ." ಅವಳು ನಗಲಿಲ್ಲ. ಮುಚ್ಚಳ ಕೈಯಲ್ಲೇ ಇತ್ತು. "ಈಗ ಕೇಳಿ. ಹೊರಗಿಂದ ಸಕ್ಕರೆ ಬರ್ದೇ ಇದ್ರೆ ಮೈ ತಾನೇ ಮಾಡ್ಕೊಳ್ಳುತ್ತೆ. ಎಲ್ಲಿಂದ ಅಂತ ಗೊತ್ತಾ? ತೊಡೆಯಿಂದ, ತೋಳಿಂದ. ದೊಡ್ಡಮ್ಮನ ಮಾಂಸ ಕರಗಿ ಸಕ್ಕರೆ ಆಗ್ತಿದೆ. ಅದನ್ನೂ ಮೊದಲು ಕಿತ್ಕೊಳ್ಳೋದು ಗಡ್ಡೆನೇ. ಅಜ್ಜಿ ಬರಗಾಲದ ಕಥೆ ಹೇಳ್ತಿದ್ರಲ್ಲ, ಆ ವರ್ಷ ಯಾರ ಮನೇಲಿ ಹಿಟ್ಟಿತ್ತು?"

"ಬಂದೂಕು ಇದ್ದೋರ ಮನೇಲಿ," ಎಂದರು ಒರಾಲ್ಬೆಕ್.

"ಬಂದೂಕು ಇರೋದು ಗಡ್ಡೆ ಕೈಲಿ. ಮನೇಲಿ ಬರಗಾಲ ತಂದ್ರೆ ಅದು ಸಾಯಲ್ಲ. ಕಾವಲು ಕಣಗಳು ಸಾಯ್ತವೆ, ದೊಡ್ಡಮ್ಮ ಸಾಯ್ತಾರೆ. ಅಲ್ಮಾಟೀಲಿ ಹಾಕ್ಸೋ ಔಷಧಿ ಯಾರ ಕಾಲಿನ ಹಗ್ಗ ಕತ್ತರಿಸಬೇಕು ಹೇಳಿ? ಎದ್ದು ನಿಲ್ಲೋಕೆ ಕುದುರೆನೇ ಇಲ್ಲ."

"ಮತ್ತೆ ಸೋಡಾ? ಹುಳಿ ಅಂದಿದ್ದು ನೀನೇ."

"ಕುಡಿದ ಸೋಡಾ ಗಡ್ಡೆವರೆಗೆ ಹೋಗಲ್ಲ. ರಕ್ತದ ಹದ ಮೈ ತಾನೇ ಕಾಯ್ಕೊಳ್ಳುತ್ತೆ. ಅದನ್ನ ಕೆಡಿಸಿದ್ರೆ ಹೃದಯಕ್ಕೆ ಬರುತ್ತೆ."

ಒರಾಲ್ಬೆಕ್ ಪಾತ್ರೆಯ ಕೆಳಗಿನ ಉರಿ ಆರಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. "ಅದರ ಊಟ ಒಂದನ್ನೇ ನಿಲ್ಸೋ ದಾರಿ ಇಲ್ವಾ?"

"ಅದನ್ನೇ ಹುಡುಕ್ತಿದೀವಿ. ನಾವೊಬ್ರೇ ಅಲ್ಲ, ಪ್ರಪಂಚದಲ್ಲಿ ಎಷ್ಟೋ ಜನ. ಇಲಿಗಳಲ್ಲಿ ಕೆಲವು ಸಲ ಆಗುತ್ತೆ. ದೊಡ್ಡಮ್ಮಂಗೆ ಕೊಡೋ ಅಂಥದ್ದು ಇನ್ನೂ ಕೈಗೆ ಬಂದಿಲ್ಲ. ಒಲೆ ಮೇಲಂತೂ ಆಗೋ ಕೆಲಸ ಅಲ್ಲ ಅದು."

"ಯಾವ ಗಡ್ಡೆ?"

ಬಾಗಿಲಲ್ಲಿ ಬಿಬಿಷ್ ಅಪಾ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

"ಯಾರದೋ," ಎಂದರು ಒರಾಲ್ಬೆಕ್. "ಇವಳ ಇಲೀದು."

"ರೀ, ಸುಮ್ನಿರಿ. ಕ್ಯಾನ್ಸರ್ ಅಂತ ಹೇಳಿ. ಆ ವಾರ್ಡಿನ ಬಾಗಿಲ ಮೇಲೆ ಅಷ್ಟು ದಪ್ಪಕ್ಷರದಲ್ಲಿ ಬರ್ದಿದಾರೆ, ನಂಗೆ ಓದೋಕೆ ಬರಲ್ವಾ? ಸಾವಿನ ಮನೆಗಳಲ್ಲಿ ಅಡುಗೆ ಮಾಡಿ ಮಾಡಿ ತಲೆ ಬೆಳ್ಳಗಾಗಿದೆ. ಬದುಕೋರ ಜೊತೆ ಜನ ಹೇಗೆ ಮಾತಾಡ್ತಾರೆ, ಹೋಗೋರ ಜೊತೆ ಹೇಗೆ ಮಾತಾಡ್ತಾರೆ ಅಂತ ನಂಗೊತ್ತು. ಬೇಸಿಗೆಯಿಂದ ಕುಲ್ಪಾಶ್ ನನ್ನ ಹತ್ರ ಮೆಲ್ಲಗೆ ಮಾತಾಡ್ತಿದಾಳೆ. ಕುಲ್ಪಾಶ್!"

ಜಾನೆರ್ಕೆ ಅವರನ್ನು ಹಿಡಿದು ಕೂರಿಸಿದಳು. "ಗೊತ್ತಿದ್ದೂ ಯಾಕೆ ಸುಮ್ನಿದ್ರಿ ದೊಡ್ಡಮ್ಮ? ಇಷ್ಟು ಹಸಿವಲ್ಲಿ?"

"ಇವರ ಕೈಗೊಂದು ಕೆಲಸ ಬೇಕಿತ್ತು ಕಣೇ. ಬೆಳಿಗ್ಗೆ ಎದ್ದು ಎಲೆಕೋಸು ಹೆಚ್ತಿದ್ರು, ಸೋಡಾ ಕಲಸ್ತಿದ್ರು, ಗಡಿಯಾರ ನೋಡ್ತಿದ್ರು. ನಾನು ರೊಟ್ಟಿ ತಿಂದುಬಿಟ್ರೆ ಇವರು ಏನ್ ಮಾಡ್ತಿದ್ರು? ಮೂಲೇಲಿ ಕೂತು ನನ್ನನ್ನೇ ನೋಡ್ತಿದ್ರು." ಉಸಿರು ಎಳೆದುಕೊಂಡು ಮತ್ತೆ ಹೇಳಿದರು, "ಸಕ್ಕರೆ ಕಾಯಿಲೆ ಅಂದಾಗ ನಗು ಬಂತು. ತಡ್ಕೊಂಡೆ."

ಹೆಂಡತಿಗೆ ನೋವಾಗಬಾರದೆಂದು ಗಂಡ ಕಾಯಿಲೆಯನ್ನು ಮುಚ್ಚಿಟ್ಟಿದ್ದರು. ಗಂಡನಿಗೆ ನೋವಾಗಬಾರದೆಂದು ಹೆಂಡತಿ ಹಸಿವನ್ನು ಮುಚ್ಚಿಟ್ಟಿದ್ದರು. ಆ ಮನೆಯಲ್ಲಿ ಇಬ್ಬರ ಪ್ರೀತಿಯಿಂದಲೂ ಹೊಟ್ಟೆ ತುಂಬಿಸಿಕೊಂಡದ್ದು ಗಡ್ಡೆ ಒಂದೇ.

ಒರಾಲ್ಬೆಕ್ ಪಾತ್ರೆಯನ್ನು ಹೊರಗೆ ಒಯ್ದು ಎಲೆಕೋಸನ್ನು ಹಿತ್ತಲಲ್ಲಿ ಸುರಿದು ಬಂದರು. ಸೋಡಾ ಪೊಟ್ಟಣವನ್ನೂ ಎಸೆದರು. ಅಂದೇ ಕುರಿಯ ಎಲುಬು ತಂದು ಸಾರಿಗೆ ಇಟ್ಟರು. ಮಾಂಸವನ್ನು ಸಣ್ಣಗೆ ಬಿಡಿಸಿ ಅದರಲ್ಲಿ ಹಾಕಿದರು. ಆಸ್ಪತ್ರೆಯವರು ಹೇಳಿದಂತೆ ಮೊಟ್ಟೆ, ಮೊಸರು, ಕೆನೆ, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ. ಕುಲ್ಪಾಶ್ ಡಬ್ಬಿಗಳನ್ನು ಹೊತ್ತು ಬಂದರು, ಬೀದಿಗೆ ಕೇಳುವ ಹಾಗೆ ಬೈದರು. ಬಿಬಿಷ್ ಅಪಾ ಅದಕ್ಕೆ ಖುಷಿಪಟ್ಟರು.

ಆದರೆ ಹಸಿವು ಹೋಗಿಬಿಟ್ಟಿತ್ತು. ಊರಿಗೆಲ್ಲ ಬಡಿಸಿದವರು ಎರಡು ಚಮಚ ಸಾರು ಕುಡಿದು ಬಟ್ಟಲು ಸರಿಸುತ್ತಿದ್ದರು. ಒರಾಲ್ಬೆಕ್ ಅದನ್ನು ಬಿಸಿ ಮಾಡಿ ಮತ್ತೆ ತರುತ್ತಿದ್ದರು.

"ಇನ್ನೊಂದು ಗುಟುಕು."

"ಆಗಲ್ಲ ರೀ."

"ನನಗೋಸ್ಕರ."

"ನಿಮಗೋಸ್ಕರ ಬಿಟ್ಟಿದ್ದೂ ಆಯ್ತು, ನಿಮಗೋಸ್ಕರ ತಿಂದಿದ್ದೂ ಆಯ್ತು," ಎಂದು ಕುಡಿಯುತ್ತಿದ್ದರು.

ಹೊಸ ವರ್ಷ ಕಳೆದ ಮೇಲೆ ರಕ್ತ ಸರಿಹೋಯಿತು, ತೂಕ ಅಷ್ಟಿಷ್ಟು ಏರಿತು. ಡ್ರಿಪ್ ಮತ್ತೆ ಶುರುವಾಯಿತು. ಮಾರ್ಚಿನಲ್ಲಿ ಸ್ಕ್ಯಾನ್ ಮಾಡಿದರು. ಗಡ್ಡೆ ಬೆಳೆದಿತ್ತು. ಯಕೃತ್ತಿಗೂ ಹೋಗಿತ್ತು. ಈ ಸಲ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಬಿಬಿಷ್ ಅಪಾ ತಲೆ ಆಡಿಸಿದರು. ಒರಾಲ್ಬೆಕ್ ಒಂದೇ ಪ್ರಶ್ನೆ ಕೇಳಿದರು.

"ನಾನು ಆ ಊಟ ನಿಲ್ಸದೇ ಇದ್ದಿದ್ರೆ?"

"ಗೊತ್ತಿಲ್ಲ," ಎಂದರು ಡಾಕ್ಟರಮ್ಮ. "ಈ ಔಷಧಿ ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಹಿಡಿಯಲ್ಲ. ಚೆನ್ನಾಗಿ ಉಂಡಿದ್ರೂ ಹಿಡೀತಿರಲಿಲ್ವೋ ಏನೋ. ಹಿಡಿಯುತ್ತಾ ಅಂತ ನೋಡೋಕೆ ಇದ್ದ ಸಮಯ ಮಾತ್ರ ಹೋಯ್ತು."

ಹೌದು ಎಂದಿದ್ದರೆ ಅವರು ಅಳುತ್ತಿದ್ದರು. ಅಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದರು. ಗೊತ್ತಿಲ್ಲ ಎಂಬುದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಅವರಿಗೆ ಇವತ್ತಿಗೂ ತಿಳಿದಿಲ್ಲ.

ಇದನ್ನು ಓದುತ್ತಿರುವವರೇ, ಓದಿ ಹೇಳುವುದನ್ನು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಸೋಡಾ ಇಲ್ಲದಿರಬಹುದು. ಅದರ ಜಾಗದಲ್ಲಿ ಒಂದು ಕಷಾಯವೋ ಬೇರೋ ಭಸ್ಮವೋ ಇರುತ್ತದೆ, ಬಿಳಿ ಕೋಟಿನ ಮನುಷ್ಯ ನಿಮ್ಮ ಫೋನಿನಲ್ಲೂ ಇರುತ್ತಾನೆ. ವಾರಗಟ್ಟಲೆ ಬಿಡದ ಕೆಮ್ಮಿಗೆ ಹೊಗೆ, ಧೂಳು ಎಂದು ಹೆಸರಿಡಬೇಡಿ, ತೋರಿಸಿ. ಗಡ್ಡೆ ಸಕ್ಕರೆ ತಿನ್ನುತ್ತದೆ ಎಂಬುದು ನಿಜ. ರೋಗಿಯನ್ನು ಉಪವಾಸ ಕೆಡವಿದರೆ ಅದು ಸಾಯುತ್ತದೆ ಎಂಬುದು ನಿಜವಲ್ಲ. ಮೈಯ ಕಾವಲು ಕಣಗಳನ್ನು ಎಬ್ಬಿಸುವ ಔಷಧಿ ಹಾಕಿಸಿಕೊಳ್ಳುತ್ತಿರುವವರಿಗೆ ಮೈಯಲ್ಲಿ ಕಸುವಿರಬೇಕು. ಏನು ತಿನ್ನಬೇಕು, ಏನು ಬಿಡಬೇಕು ಎಂದು ಚಿಕಿತ್ಸೆ ಕೊಡುವ ಡಾಕ್ಟರನ್ನೇ ಕೇಳಿ. ಸಕ್ಕರೆ ಕಾಯಿಲೆ ನಿಜವಾಗಿಯೂ ಇರುವವರು ಅದನ್ನೂ ಹೇಳಿ ಕೇಳಿ. ಮನೆಯಲ್ಲಿ ಕೊಡುವ ಪ್ರತಿ ಪುಡಿ, ಪ್ರತಿ ಲೋಟದ ವಿಷಯವನ್ನು ಅವರು ಕೇಳುವ ಮೊದಲೇ ತಿಳಿಸಿ. ತೂಕ ಇಳಿಯುತ್ತಿದ್ದರೆ ಮುಂದಿನ ಡ್ರಿಪ್‌ವರೆಗೆ ಕಾಯಬೇಡಿ. ಕಾಯಿಲೆ ಯಾರದೋ ಅವರಿಗೆ ಅದರ ಹೆಸರು ಹೇಳಿ, ಅವರಿಗೆ ಹಸಿವಾಗಿದೆಯೇ ಎಂದು ಅವರನ್ನೇ ಕೇಳಿ. ತಿಳಿದವರು 'ಆದರೆ' ಎಂದಾಗ, ದಯವಿಟ್ಟು, ಉಳಿದದ್ದನ್ನೂ ಕೇಳಿಸಿಕೊಳ್ಳಿ.

ಒರಾಲ್ಬೆಕ್ ಈಗ ಇದನ್ನೇ ಎಲ್ಲರಿಗೂ ಹೇಳುತ್ತಾರೆ. ಬಿಬಿಷ್ ಅಪಾ ಏಪ್ರಿಲ್ ಕೊನೆಯ ವಾರ ತೀರಿಕೊಂಡರು.